ಮಾತ್ರೆ ಬರೆದುಕೊಟ್ಟ ನಂತರದ ಪ್ರಶ್ನೆ: ಕೋಲಾರದ ಆರೋಗ್ಯ ಮನೋವಿಜ್ಞಾನ ತರಗತಿಯ ವಿಮರ್ಶೆ

ಕೋಲಾರ ನಗರದ ಖಾಸಗಿ ಅಧ್ಯಯನ ಕೇಂದ್ರವೊಂದು ಭಾನುವಾರಗಳಂದು ನಡೆಸುವ ಆರೋಗ್ಯ ಮನೋವಿಜ್ಞಾನದ ಪ್ರಾಥಮಿಕ ಕೋರ್ಸನ್ನು ನಾನು ಇತ್ತೀಚೆಗೆ ಪೂರ್ಣಗೊಳಿಸಿದೆ. ದೀರ್ಘಕಾಲದ ಕಾಯಿಲೆಯಿರುವ ರೋಗಿಗಳೊಡನೆ ದಿನನಿತ್ಯ ವ್ಯವಹರಿಸುವ ಯಾರಿಗಾದರೂ ಇದು ನಿಜವಾಗಿ ನೆರವಾಗುವ ಕೋರ್ಸ್ ಎಂಬುದು ನನ್ನ ಅಭಿಪ್ರಾಯ. ಆದರೆ ಅದರ ಬಲ ಎಲ್ಲ ಭಾಗಗಳಲ್ಲೂ ಒಂದೇ ಸಮನಾಗಿಲ್ಲ. ರೋಗಿ ತನ್ನ ಕಾಯಿಲೆಯ ಬಗ್ಗೆ ಏನನ್ನು ನಂಬುತ್ತಾನೆ, ಆ ನಂಬಿಕೆಯಿಂದಾಗಿ ಯಾವಾಗ ಮಾತ್ರೆ ನಿಲ್ಲಿಸುತ್ತಾನೆ ಎಂಬುದನ್ನು ಅದು ಬಹಳ ಚೆನ್ನಾಗಿ ಕಲಿಸುತ್ತದೆ. ಅವನು ಕುಡಿಯುವ ನೀರು, ಮಾಡುವ ಕೆಲಸ, ಹೊತ್ತಿರುವ ಸಾಲ ಇವು ಅವನ ಆರೋಗ್ಯವನ್ನು ಹೇಗೆ ತೀರ್ಮಾನಿಸುತ್ತವೆ ಎಂಬುದನ್ನು ಮಾತ್ರ ತೀರ ಕಡಿಮೆ ಹೇಳುತ್ತದೆ. ನಮ್ಮ ಜಿಲ್ಲೆಯಲ್ಲಿ ಈ ಎರಡನೆಯದನ್ನು ಕೈಬಿಟ್ಟು ಮೊದಲನೆಯದನ್ನು ಕಲಿಸುವುದು ಸಾಲದು ಎಂದು ನನಗೆ ಅನ್ನಿಸಿದ್ದರಿಂದ ಈ ವಿಮರ್ಶೆಯನ್ನು ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತಿದ್ದೇನೆ.

ನಾನು ತಾಲ್ಲೂಕು ಆಸ್ಪತ್ರೆಯೊಂದರಲ್ಲಿ ನರ್ಸಿಂಗ್ ಆಫೀಸರ್. ಬಿಪಿ ಮತ್ತು ಶುಗರ್ ರೋಗಿಗಳ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ತರಗತಿಗೆ ಬಂದವರಲ್ಲಿ ನರ್ಸಿಂಗ್ ವಿದ್ಯಾರ್ಥಿಗಳು, ಆಶಾ ಕಾರ್ಯಕರ್ತೆಯರು, ಪ್ರೌಢಶಾಲೆಯ ಶಿಕ್ಷಕರು, ಮೆಡಿಕಲ್ ಸ್ಟೋರ್ ನಡೆಸುವವರು ಮತ್ತು ಮನೋವಿಜ್ಞಾನವನ್ನು ಒಂದು ವಿಷಯವಾಗಿ ಆರಿಸಿಕೊಂಡ ಪದವಿ ವಿದ್ಯಾರ್ಥಿಗಳಿದ್ದರು. ಮುಳಬಾಗಿಲು, ಬಂಗಾರಪೇಟೆ, ಮಾಲೂರು, ಶ್ರೀನಿವಾಸಪುರಗಳಿಂದ ಬರುವವರು ಬೆಳಗಿನ ಬಸ್ಸು ಹಿಡಿದು ತಲುಪಿ ಮಧ್ಯಾಹ್ನದ ಊಟದ ಹೊತ್ತಿಗೆ ಮರಳಬಹುದಾದಂತೆ ವೇಳೆಯನ್ನು ನಿಗದಿಪಡಿಸಿದ್ದಾರೆ. ಶುಲ್ಕ ನರ್ಸಿಂಗ್ ವಿದ್ಯಾರ್ಥಿಯೂ ಭರಿಸಬಹುದಾದಷ್ಟೇ ಇದ್ದು, ಅದನ್ನು ಎರಡು ಕಂತುಗಳಲ್ಲಿ ಕಟ್ಟಲು ಅವಕಾಶ ಕೊಟ್ಟರು. ಪಾಠ ಪೂರ್ತಿ ಕನ್ನಡದಲ್ಲಿ ನಡೆಯುತ್ತದೆ, ಪಾರಿಭಾಷಿಕ ಪದಗಳನ್ನು ಮಾತ್ರ ಇಂಗ್ಲಿಷಿನಲ್ಲಿಯೂ ಹೇಳುತ್ತಾರೆ.

ಸೇರುವ ಮೊದಲೇ ಸ್ಪಷ್ಟವಾಗಬೇಕಾದ ಒಂದು ವಿಷಯವಿದೆ. ಇದು ಆಪ್ತಸಮಾಲೋಚಕರನ್ನು ತಯಾರಿಸುವ ಕೋರ್ಸ್ ಅಲ್ಲ. ನಮ್ಮ ದೇಶದಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿ ಕೆಲಸ ಮಾಡಬೇಕಾದರೆ ಮಾನ್ಯತೆ ಪಡೆದ ಉನ್ನತ ವ್ಯಾಸಂಗ ಮುಗಿಸಿ, 1992ರ ಕಾಯ್ದೆಯಂತೆ ರಚನೆಯಾದ ಭಾರತೀಯ ಪುನರ್ವಸತಿ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು. ಭಾನುವಾರದ ತರಗತಿಯ ಪ್ರಮಾಣಪತ್ರವನ್ನು ಗೋಡೆಗೆ ತೂಗುಹಾಕಿ ಯಾರೂ ಚಿಕಿತ್ಸೆ ಕೊಡುವಂತಿಲ್ಲ. ಬೋಧಕರು ಈ ಮಾತನ್ನು ಮೊದಲ ದಿನವೇ ಖಡಾಖಂಡಿತವಾಗಿ ಹೇಳಿದ್ದನ್ನು ನಾನು ಮೆಚ್ಚಿಕೊಳ್ಳುತ್ತೇನೆ. ಹಾಗೆಯೇ, ಸ್ವತಃ ಮನೋವೇದನೆಯಲ್ಲಿರುವವರು ಪರಿಹಾರಕ್ಕಾಗಿ ಈ ತರಗತಿಗೆ ಬರಬಾರದು. ಅವರಿಗೆ ಜಿಲ್ಲಾಸ್ಪತ್ರೆಯ ಮನೋವೈದ್ಯರಿದ್ದಾರೆ, ಇಲ್ಲವೇ 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಆರಂಭದ ಪಾಠಗಳು ವಿಷಯದ ಹುಟ್ಟನ್ನು ವಿವರಿಸುತ್ತವೆ. ಅಮೆರಿಕದ ರೋಚೆಸ್ಟರ್ ವಿಶ್ವವಿದ್ಯಾಲಯದ ವೈದ್ಯ ಜಾರ್ಜ್ ಎಂಗೆಲ್ 1977ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಕಾಯಿಲೆಯನ್ನು ಕೇವಲ ದೇಹದ ರಾಸಾಯನಿಕ ಏರುಪೇರಾಗಿ ನೋಡುವ ವೈದ್ಯಪದ್ಧತಿ ಅಪೂರ್ಣವೆಂದು ವಾದಿಸಿ, ದೇಹ, ಮನಸ್ಸು, ಸಮಾಜ ಈ ಮೂರನ್ನೂ ಒಟ್ಟಿಗೆ ಪರಿಗಣಿಸುವ ಜೈವಿಕ-ಮಾನಸಿಕ-ಸಾಮಾಜಿಕ ಮಾದರಿಯನ್ನು ಮುಂದಿಟ್ಟರು. ಮರುವರ್ಷವೇ ಅಮೆರಿಕನ್ ಮನೋವೈಜ್ಞಾನಿಕ ಸಂಘದಲ್ಲಿ ಆರೋಗ್ಯ ಮನೋವಿಜ್ಞಾನಕ್ಕೆ ಪ್ರತ್ಯೇಕ ವಿಭಾಗ ಸ್ಥಾಪನೆಯಾಗಿ ಜೋಸೆಫ್ ಮಾಟರಾಜೊ ಅದರ ಮೊದಲ ಅಧ್ಯಕ್ಷರಾದರು. ಈ ಇತಿಹಾಸವನ್ನು ಬೋಧಕರು ಬೇಗ ಮುಗಿಸಿದರು, ಅದು ಸರಿಯೂ ಆಗಿತ್ತು. ಮನೋವಿಜ್ಞಾನವೆಂದರೆ ಮಾನಸಿಕ ಕಾಯಿಲೆಯ ಅಧ್ಯಯನವೆಂದು ತಿಳಿದು ಬಂದಿದ್ದವರಿಗೆ, ಇಲ್ಲಿ ಸಕ್ಕರೆ ಕಾಯಿಲೆ, ಕ್ಷಯ, ಹೃದ್ರೋಗ, ಬೀಡಿ, ನೋವು ಇವೇ ಪಾಠದ ವಸ್ತುಗಳೆಂಬುದು ಆ ವೇಳೆಗೆ ಮನದಟ್ಟಾಗಿತ್ತು.

ಕೋರ್ಸಿನ ಅತ್ಯುತ್ತಮ ಭಾಗ ಆರೋಗ್ಯ ನಂಬಿಕೆ ಮಾದರಿಯ ಪಾಠದಿಂದ ಶುರುವಾಗುತ್ತದೆ. 1950ರ ದಶಕದಲ್ಲಿ ಅಮೆರಿಕದ ಸಾರ್ವಜನಿಕ ಆರೋಗ್ಯ ಸೇವೆಯು ಕ್ಷಯವನ್ನು ಬೇಗ ಪತ್ತೆ ಹಚ್ಚಲು ಎದೆಯ ಎಕ್ಸ್‌ರೇ ವ್ಯವಸ್ಥೆಯನ್ನು ವಾಹನಗಳಲ್ಲಿ ಬಡಾವಣೆಗಳಿಗೇ ಒಯ್ದಿತ್ತು. ಆದರೂ ಅನೇಕರು ಬರಲಿಲ್ಲ. ಖರ್ಚೂ ಇಲ್ಲದೆ, ದೂರವೂ ಇಲ್ಲದೆ ಇದ್ದಾಗ ಜನ ಏಕೆ ಬರುವುದಿಲ್ಲ ಎಂಬ ಪ್ರಶ್ನೆಯನ್ನು ಗಾಡ್‌ಫ್ರೆ ಹಾಕ್‌ಬಾಮ್, ಇರ್ವಿನ್ ರೋಸೆನ್‌ಸ್ಟಾಕ್ ಮೊದಲಾದವರು ಕೈಗೆತ್ತಿಕೊಂಡರು. ತನಗೂ ಕ್ಷಯ ಬರಬಹುದೆಂದೂ, ಬೇಗ ಪತ್ತೆಯಾದರೆ ಒಳ್ಳೆಯದೆಂದೂ ಎರಡನ್ನೂ ನಂಬಿದವರಲ್ಲಿ ಶೇ. 82 ಮಂದಿ ಸ್ವಯಂಪ್ರೇರಣೆಯಿಂದ ಎಕ್ಸ್‌ರೇ ತೆಗೆಸಿಕೊಂಡಿದ್ದರು. ಎರಡನ್ನೂ ನಂಬದವರಲ್ಲಿ ಹಾಗೆ ಮಾಡಿದವರು ಶೇ. 21 ಮಾತ್ರ. ಈ ಅಧ್ಯಯನಗಳಿಂದ ಬೆಳೆದ ಮಾದರಿಯ ಪ್ರಕಾರ ಒಬ್ಬ ವ್ಯಕ್ತಿ ಹೆಜ್ಜೆಯಿಡಬೇಕಾದರೆ, ಅಪಾಯ ತನ್ನದೂ ಹೌದು ಎಂದು ಅವನಿಗೆ ಅನ್ನಿಸಬೇಕು, ಅದು ಗಂಭೀರವೆಂದು ತೋರಬೇಕು, ಚಿಕಿತ್ಸೆಯ ಲಾಭ ಅದರ ತೊಡಕುಗಳಿಗಿಂತ ದೊಡ್ಡದೆಂದು ಕಾಣಬೇಕು ಮತ್ತು ಆ ಕ್ಷಣಕ್ಕೆ ಯಾವುದಾದರೊಂದು ಪ್ರಚೋದನೆ ದೊರೆಯಬೇಕು. ಇದು ತನ್ನಿಂದ ಆಗುತ್ತದೆ ಎಂಬ ಭರವಸೆಯನ್ನು, ಮನೋವಿಜ್ಞಾನಿ ಆಲ್ಬರ್ಟ್ ಬಂಡೂರರ ಚಿಂತನೆಯಿಂದ ತೆಗೆದುಕೊಂಡು, 1988ರಲ್ಲಿ ಈ ಪಟ್ಟಿಗೆ ಸೇರಿಸಲಾಯಿತು.

ಬೋಧಕರು ಇದನ್ನು ಪಟ್ಟಿಯಾಗಿ ಬರೆಸಿ ಬಿಡಲಿಲ್ಲ. ಔಷಧಕ್ಕೆ ಬಗ್ಗುವ ಸಾಮಾನ್ಯ ಕ್ಷಯಕ್ಕೆ ನಮ್ಮಲ್ಲಿ ಕೊಡುವ ಆರು ತಿಂಗಳ ಚಿಕಿತ್ಸೆಯನ್ನೇ ಉದಾಹರಣೆಯಾಗಿ ಹಿಡಿದರು. ಮೊದಲ ಎರಡು ತಿಂಗಳು ನಾಲ್ಕು ಔಷಧಗಳು, ಮುಂದಿನ ನಾಲ್ಕು ತಿಂಗಳು ಮೂರು. ಹಲವರಿಗೆ ಕೆಲವೇ ವಾರಗಳಲ್ಲಿ ಜ್ವರ, ಕೆಮ್ಮು ಕಡಿಮೆಯಾಗಿ ಹಸಿವು ಮರಳುತ್ತದೆ. ಮಾತ್ರೆ ಬಿಡುವ ಮನಸ್ಸು ಹುಟ್ಟುವುದೂ ಆಗಲೇ. ಆ ಹೊತ್ತಿನಲ್ಲಿ ರೋಗಿಗೆ ಅಪಾಯ ದೂರವಾದಂತೆ ಕಾಣುತ್ತದೆ, ಮಾತ್ರೆಯಿಂದಾಗುವ ವಾಕರಿಕೆ ಮತ್ತು ಆಸ್ಪತ್ರೆಗೆ ಬರಲು ಕಳೆದುಕೊಳ್ಳುವ ಕೂಲಿ ಹತ್ತಿರವಾಗಿ ಕಾಣುತ್ತವೆ. ಸರ್ಕಾರ ಕ್ಷಯರೋಗಿಗಳ ಪೌಷ್ಟಿಕ ಆಹಾರಕ್ಕೆ ನಿಕ್ಷಯ್ ಪೋಷಣ್ ಯೋಜನೆಯಡಿ 2018ರಿಂದ ತಿಂಗಳಿಗೆ 500 ರೂಪಾಯಿ ಕೊಡುತ್ತಿದ್ದುದನ್ನು 2024ರ ನವೆಂಬರ್‌ನಿಂದ 1,000ಕ್ಕೆ ಏರಿಸಿರುವುದು ಮಾದರಿಯ ಯಾವ ಅಂಶವನ್ನು ಬದಲಾಯಿಸುತ್ತದೆ, ಯಾವುದನ್ನು ಬದಲಾಯಿಸುವುದಿಲ್ಲ ಎಂಬ ಚರ್ಚೆ ಒಂದು ತರಗತಿಯ ಬಹುಭಾಗವನ್ನು ತೆಗೆದುಕೊಂಡಿತು. ಆಶಾ ಕಾರ್ಯಕರ್ತೆಯೊಬ್ಬರು ಎದ್ದುನಿಂತು, ತಮ್ಮ ಹಳ್ಳಿಯಲ್ಲಿ ತೊಡಕು ದುಡ್ಡಿನದಲ್ಲ, ಮದುವೆಯ ವಯಸ್ಸಿಗೆ ಬಂದ ಮಗಳಿರುವ ಮನೆಯಲ್ಲಿ ಮಾತ್ರೆಯ ಪೊಟ್ಟಣ ಯಾರ ಕಣ್ಣಿಗಾದರೂ ಬಿದ್ದೀತು ಎಂಬ ಅಂಜಿಕೆಯದು ಎಂದು ಹೇಳಿದಾಗ, ಬೋಧಕರು ಆ ಮಾತನ್ನೇ ಹಿಡಿದು ಕಳಂಕದ ವಿಷಯಕ್ಕೆ ಹೊರಳಿದರು. ಇಂಥ ಕಡೆ ಈ ಕೋರ್ಸ್ ಪುಸ್ತಕವನ್ನು ಮೀರುತ್ತದೆ.

ಇದಕ್ಕೆ ಹೊಂದಿಕೊಂಡೇ ಬಂದ ಅಮೆರಿಕದ ಮನೋವಿಜ್ಞಾನಿ ಹೊವಾರ್ಡ್ ಲೆವೆಂಥಾಲ್ ಅವರ ವಿಚಾರಗಳು ನನ್ನ ಕೆಲಸಕ್ಕೆ ಎಲ್ಲಕ್ಕಿಂತ ಹೆಚ್ಚು ಒದಗಿವೆ. ಪ್ರತಿಯೊಬ್ಬ ರೋಗಿಯೂ ತನ್ನ ಕಾಯಿಲೆಯ ಬಗ್ಗೆ ತನ್ನದೇ ಒಂದು ವಿವರಣೆಯನ್ನು ಕಟ್ಟಿಕೊಂಡಿರುತ್ತಾನೆ: ಇದರ ಹೆಸರೇನು, ಲಕ್ಷಣವೇನು, ಏಕೆ ಬಂತು, ಎಷ್ಟು ದಿನ ಇರುತ್ತದೆ, ಏನು ಮಾಡೀತು, ಯಾವುದರಿಂದ ಹೋದೀತು. ಲೆವೆಂಥಾಲ್ ಮತ್ತು ಸಂಗಡಿಗರು 1985ರಲ್ಲಿ ರಕ್ತದೊತ್ತಡದ ರೋಗಿಗಳ ಬಗ್ಗೆ ಪ್ರಕಟಿಸಿದ ಅಧ್ಯಯನದಲ್ಲಿ, ಬಿಪಿ ಏರಿದ್ದು ಸಾಮಾನ್ಯವಾಗಿ ಯಾರಿಗೂ ಗೊತ್ತಾಗುವುದಿಲ್ಲ ಎಂದು ಒಪ್ಪಿಕೊಂಡವರೇ, ತಮಗೆ ಮಾತ್ರ ಅದು ಗೊತ್ತಾಗುತ್ತದೆ ಎಂದೂ ಬಹುಮಟ್ಟಿಗೆ ನಂಬಿದ್ದರು. ತಲೆನೋವನ್ನೋ ಎದೆಬಡಿತವನ್ನೋ ಅಳತೆಗೋಲಾಗಿ ಇಟ್ಟುಕೊಂಡು ಮಾತ್ರೆ ತೆಗೆದುಕೊಳ್ಳುವವರನ್ನು ನಮ್ಮ ಓಪಿಡಿಯ ಸಾಲಿನಲ್ಲಿ ಪ್ರತಿ ವಾರವೂ ಕಾಣುತ್ತೇವೆ. "ತಲೆ ಸುತ್ತಿದ ದಿನ ಹಾಕ್ಕೊಳ್ತೀನಿ ಕಣಮ್ಮ, ಉಳಿದ ದಿನ ಚೆನ್ನಾಗೇ ಇರ್ತೀನಲ್ಲ" ಎಂದು ಅಜ್ಜಿಯೊಬ್ಬರು ಹೇಳಿದರೆ ಅದು ಮೊಂಡುತನವಲ್ಲ. ಅವರ ವಿವರಣೆಯೊಳಗೆ ಅದು ಪೂರ್ತಿ ತರ್ಕಬದ್ಧವಾದ ನಡವಳಿಕೆ. ಆದ್ದರಿಂದ "ದಿನಾ ತಗೊಳ್ಳಿ" ಎಂದು ಇನ್ನೊಮ್ಮೆ ಗಟ್ಟಿಯಾಗಿ ಹೇಳುವುದರಿಂದ ಪ್ರಯೋಜನವಿಲ್ಲ. ಅವರಿಗೆ ಚೆನ್ನಾಗಿ ಅನ್ನಿಸುತ್ತಿರುವ ದಿನವೇ ಬಿಪಿ ಅಳೆದು ಆ ಅಂಕಿಯನ್ನು ತೋರಿಸಿ ಮಾತು ಶುರುಮಾಡಬೇಕು. ದೀರ್ಘಕಾಲದ ಚಿಕಿತ್ಸೆಯನ್ನು ಹೇಳಿದಂತೆ ಪಾಲಿಸುವವರ ಪ್ರಮಾಣ ಅಭಿವೃದ್ಧಿ ಹೊಂದಿದ ದೇಶಗಳಲ್ಲೇ ಸರಾಸರಿ ಶೇ. 50ರಷ್ಟು ಎಂದು ವಿಶ್ವ ಆರೋಗ್ಯ ಸಂಸ್ಥೆಯ 2003ರ ವರದಿ ಹೇಳುತ್ತದೆ. ಆ ಅಂಕಿಯನ್ನು ಕೇಳಿದ ಮೇಲೆ ನಮ್ಮ ಹಳ್ಳಿಗಳ ರೋಗಿಗಳನ್ನು ಮಾತ್ರ ತಿಳುವಳಿಕೆಯಿಲ್ಲದವರೆಂದು ದೂರುವುದು ಅನ್ಯಾಯವೆನಿಸುತ್ತದೆ.

ಅದೇ ಲೆವೆಂಥಾಲ್ 1965ರಲ್ಲಿ ಯೇಲ್ ವಿಶ್ವವಿದ್ಯಾಲಯದಲ್ಲಿ ಧನುರ್ವಾಯು ಚುಚ್ಚುಮದ್ದಿನ ಬಗ್ಗೆ ನಡೆಸಿದ ಪ್ರಯೋಗವನ್ನೂ ಬೋಧಕರು ಬಿಡಿಸಿ ಹೇಳಿದರು. ವಿದ್ಯಾರ್ಥಿಗಳಿಗೆ ಭಯ ಹುಟ್ಟಿಸುವ ವಿವರಗಳನ್ನು ಓದಿಸಿದಾಗ ಅವರ ಮನಸ್ಸೇನೋ ಬದಲಾಯಿತು, ಆದರೆ ಕಾಲು ಆಸ್ಪತ್ರೆಯತ್ತ ನಡೆಯಲಿಲ್ಲ. ಆರೋಗ್ಯ ಕೇಂದ್ರವನ್ನು ಗುರುತಿಸಿದ ನಕ್ಷೆಯನ್ನು ಕೊಟ್ಟು, ಯಾವ ದಿನ ಯಾವ ಹೊತ್ತಿನಲ್ಲಿ ಹೋಗುತ್ತೀರಿ ಎಂದು ಮೊದಲೇ ಯೋಚಿಸುವಂತೆ ಮಾಡಿದವರಲ್ಲಿ ಶೇ. 28ರಷ್ಟು ಮಂದಿ ಚುಚ್ಚುಮದ್ದು ಹಾಕಿಸಿಕೊಂಡರು. ನಕ್ಷೆಯಾಗಲಿ ಯೋಜನೆಯಾಗಲಿ ಇಲ್ಲದವರಲ್ಲಿ ಅದು ಶೇ. 3ರ ಆಸುಪಾಸಿನಲ್ಲೇ ಉಳಿಯಿತು. ನಮ್ಮಲ್ಲಿ 2016ರಿಂದ ಸಿಗರೇಟು, ಬೀಡಿ ಪೊಟ್ಟಣಗಳ ಮುಖ್ಯ ಬದಿಗಳ ಶೇ. 85 ಭಾಗವನ್ನು ಎಚ್ಚರಿಕೆಯ ಚಿತ್ರ ಮತ್ತು ಬರಹ ಆವರಿಸಿವೆ. ಅಂಥ ಚಿತ್ರದ ಕೆಲಸ ಎಲ್ಲಿಯವರೆಗೆ, ಅದರ ನಂತರ ಯಾವ ನೆರವು ಬೇಕು ಎಂಬುದನ್ನು ಈ ಪ್ರಯೋಗದ ಬೆಳಕಿನಲ್ಲಿ ಚರ್ಚಿಸಿದೆವು. ಈಗ ನಮ್ಮ ವಿಭಾಗದಲ್ಲಿ "ಮುಂದಿನ ತಿಂಗಳು ಬನ್ನಿ" ಎಂದು ಬರೆಯುವ ಬದಲು, ರೋಗಿಯ ಊರಿನ ಸಂತೆಯ ದಿನವನ್ನೋ, ಅವರು ಹಾಲು ಹಾಕಿ ಬಿಡುವಾಗುವ ಹೊತ್ತನ್ನೋ, ಹಿಡಿಯಬೇಕಾದ ಬಸ್ಸನ್ನೋ ಕೇಳಿ ಅದನ್ನೇ ಚೀಟಿಯಲ್ಲಿ ಬರೆದುಕೊಡುತ್ತೇವೆ.

ಅಭ್ಯಾಸದ ತರಗತಿಗಳ ಬಗ್ಗೆಯೂ ಒಳ್ಳೆಯ ಮಾತು ಹೇಳಬೇಕು. ವೈದ್ಯರು ಹೇಳಿದ್ದರಲ್ಲಿ ರೋಗಿಗಳು ಬಹಳಷ್ಟನ್ನು ಹೊರಗೆ ಬರುವಷ್ಟರಲ್ಲೇ ಮರೆಯುತ್ತಾರೆಂಬುದನ್ನು ಬ್ರಿಟನ್ನಿನ ಫಿಲಿಪ್ ಲೇ ದಶಕಗಳ ಕಾಲ ಅಧ್ಯಯನ ಮಾಡಿದ್ದರು. ಇದನ್ನು ಪರೀಕ್ಷಿಸಲು ನಮ್ಮನ್ನು ಇಬ್ಬಿಬ್ಬರಾಗಿ ಕೂರಿಸಿ, ಒಬ್ಬರು ಇನ್ಸುಲಿನ್ ಚುಚ್ಚಿಕೊಳ್ಳುವ ಕ್ರಮ, ಜಾಗ ಬದಲಿಸಬೇಕಾದ ಕಾರಣ, ಫ್ರಿಜ್ ಇಲ್ಲದ ಮನೆಯಲ್ಲಿ ಮಣ್ಣಿನ ಮಡಕೆಯ ತಂಪಿನಲ್ಲಿ ಬಾಟಲಿಯನ್ನು ಕಾಪಾಡುವ ರೀತಿ ಇವನ್ನು ವಿವರಿಸುವಂತೆಯೂ, ಇನ್ನೊಬ್ಬರು ಕೇಳಿದ್ದನ್ನು ತಮ್ಮ ಮಾತಿನಲ್ಲಿ ತಿರುಗಿ ಹೇಳುವಂತೆಯೂ ಮಾಡಿದರು. "ಅರ್ಥವಾಯಿತಾ" ಎಂದು ಕೇಳಿದರೆ ಎಲ್ಲರೂ ಹೂಂ ಅನ್ನುತ್ತಾರೆ. "ಮನೆಗೆ ಹೋಗಿ ಹೇಗೆ ಮಾಡ್ತೀರಿ, ನನಗೊಮ್ಮೆ ಹೇಳಿ" ಎಂದು ಕೇಳಿದಾಗ ಮಾತ್ರ ಯಾವುದು ತಲುಪಿದೆ, ಯಾವುದು ತಲುಪಿಲ್ಲ ಎಂಬುದು ಗೊತ್ತಾಗುತ್ತದೆ. ಈ ಒಂದು ಅಭ್ಯಾಸಕ್ಕಾಗಿಯೇ ಮೆಡಿಕಲ್ ಸ್ಟೋರ್‌ನವರು ಶುಲ್ಕ ಕೊಟ್ಟು ಬಂದರೂ ನಷ್ಟವಿಲ್ಲ.

ಒತ್ತಡದ ಪಾಠಗಳಿಗೆ ಬಂದಾಗ ಮಟ್ಟ ಇಳಿಯುತ್ತದೆ. ಒತ್ತಡಕ್ಕೆ ದೇಹ ಸ್ಪಂದಿಸುವ ರೀತಿಯ ಬಗ್ಗೆ ಹ್ಯಾನ್ಸ್ ಸೆಲ್ಯೆ 1936ರಿಂದ ಬೆಳೆಸಿದ ಎಚ್ಚರ, ಪ್ರತಿರೋಧ, ಬಳಲಿಕೆ ಎಂಬ ಮೂರು ಹಂತಗಳನ್ನೂ, ರಿಚರ್ಡ್ ಲಾಜರಸ್ ಮತ್ತು ಸೂಸನ್ ಫೋಕ್‌ಮನ್ 1984ರಲ್ಲಿ ವಿವರಿಸಿದಂತೆ ಎದುರಾದ ಪರಿಸ್ಥಿತಿಯನ್ನು ಮನುಷ್ಯ ಹೇಗೆ ಅಳೆಯುತ್ತಾನೆ ಮತ್ತು ತನ್ನ ಶಕ್ತಿಯನ್ನು ಹೇಗೆ ಲೆಕ್ಕಹಾಕುತ್ತಾನೆ ಎಂಬುದನ್ನೂ ಸರಿಯಾಗಿಯೇ ಹೇಳಿಕೊಟ್ಟರು. ಆದರೆ ಜೀವನದ ಘಟನೆಗಳ ಒತ್ತಡವನ್ನು ಅಳೆಯಲು ನಮ್ಮ ಕೈಗಿತ್ತದ್ದು ಥಾಮಸ್ ಹೋಮ್ಸ್ ಮತ್ತು ರಿಚರ್ಡ್ ರೇ ಅವರ 1967ರ ಪಟ್ಟಿಯ ನೆರಳಚ್ಚು. ಸಂಗಾತಿಯ ಸಾವಿಗೆ 100 ಅಂಕಗಳಿಂದ ಮೊದಲ್ಗೊಂಡು 43 ಘಟನೆಗಳಿರುವ ಆ ಪಟ್ಟಿಯಲ್ಲಿ ಕ್ರಿಸ್‌ಮಸ್ ಹಬ್ಬಕ್ಕೂ 12 ಅಂಕಗಳಿವೆ. ಸಾವಿರಾರು ಅಡಿ ಕೊರೆಸಿದ ಬೋರ್‌ವೆಲ್‌ನಲ್ಲಿ ನೀರು ಬಾರದಿರುವುದಕ್ಕೆ, ಟೊಮೆಟೊ ತುಂಬಿದ ಕ್ರೇಟುಗಳನ್ನು ಎಪಿಎಂಸಿಯಿಂದ ಮಾರದೆ ವಾಪಸು ತರುವುದಕ್ಕೆ, ಸಂಘದ ಸಾಲದ ಕಂತಿನ ದಿನ ಮನೆಬಾಗಿಲಿಗೆ ಜನ ಬರುವುದಕ್ಕೆ ಅದರಲ್ಲಿ ಜಾಗವಿಲ್ಲ. ಭಾರತೀಯರಿಗಾಗಿ ಗುರ್ಮೀತ್ ಸಿಂಗ್ ಮತ್ತು ಸಹೋದ್ಯೋಗಿಗಳು 1984ರಲ್ಲಿ 51 ಘಟನೆಗಳ ಒಂದು ಮಾಪಕವನ್ನು ರೂಪಿಸಿದ್ದಾರೆ. ಅದನ್ನು ಬಳಸಿ, ಅದಕ್ಕೂ ನಮ್ಮ ಕಡೆಯ ಅನುಭವವನ್ನು ಜೋಡಿಸುವಂತೆ ವಿದ್ಯಾರ್ಥಿಗಳಿಗೆ ಹೇಳಿದ್ದರೆ ಆ ಭಾನುವಾರ ಸಾರ್ಥಕವಾಗುತ್ತಿತ್ತು.

ಒತ್ತಡ ದೇಹಕ್ಕೆ ಏನು ಮಾಡುತ್ತದೆ ಎಂಬ ಕುತೂಹಲಕರ ಭಾಗವನ್ನು ಒಂದೇ ಗಂಟೆಯಲ್ಲಿ ಓಡಿಸಿದ್ದು ನನಗೆ ಬೇಸರ ತಂದಿತು. ಮರೆವಿನ ಕಾಯಿಲೆಯಿರುವ ಬಂಧುಗಳನ್ನು ನೋಡಿಕೊಳ್ಳುತ್ತಿದ್ದ 13 ಮಹಿಳೆಯರ ಚರ್ಮದ ಸಣ್ಣ ಗಾಯ, ಅಂಥ ಹೊರೆಯಿಲ್ಲದ 13 ಮಹಿಳೆಯರ ಗಾಯಕ್ಕಿಂತ ಸರಾಸರಿ ಒಂಬತ್ತು ದಿನ ತಡವಾಗಿ ಮಾಯಿತು ಎಂದು ಜಾನಿಸ್ ಕೀಕೋಲ್ಟ್-ಗ್ಲೇಸರ್ ಮತ್ತು ಸಂಗಡಿಗರು 1995ರಲ್ಲಿ ತೋರಿಸಿದ್ದನ್ನು ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋದರು. ಹಾಸಿಗೆ ಹಿಡಿದ ಅತ್ತೆಯನ್ನೋ ಪಾರ್ಶ್ವವಾಯುವಾದ ಗಂಡನನ್ನೋ ವರ್ಷಗಟ್ಟಲೆ ನೋಡಿಕೊಳ್ಳುವ ಹೆಣ್ಣುಮಕ್ಕಳ ಆರೋಗ್ಯವನ್ನು ಯಾರೂ ವಿಚಾರಿಸದ ನಮ್ಮ ಊರುಗಳಲ್ಲಿ, ಒಂದು ಇಡೀ ತರಗತಿಗೆ ಆಗುವಷ್ಟು ಸರಕು ಅದರಲ್ಲಿದೆ.

ನನ್ನ ಮುಖ್ಯ ಆಕ್ಷೇಪ ಮಾತ್ರ ಬೇರೆಯದು. ಎಂಗೆಲ್ ಅವರ ಮಾದರಿಯ ಮೂರನೆಯ ಅಂಗವಾದ ಸಮಾಜ, ಮೊದಲ ವಾರದ ನಂತರ ಪಾಠದಿಂದ ಹೆಚ್ಚುಕಡಿಮೆ ಕಣ್ಮರೆಯಾಗುತ್ತದೆ. ನೋವಿನ ಪಾಠವನ್ನೇ ತೆಗೆದುಕೊಳ್ಳೋಣ. ರೊನಾಲ್ಡ್ ಮೆಲ್ಝಾಕ್ ಮತ್ತು ಪ್ಯಾಟ್ರಿಕ್ ವಾಲ್ 1965ರಲ್ಲಿ ಮಂಡಿಸಿದ ದ್ವಾರ ನಿಯಂತ್ರಣ ಸಿದ್ಧಾಂತವನ್ನು, ಅಂದರೆ ನೋವಿನ ಸಂಕೇತ ಬೆನ್ನುಹುರಿಯಲ್ಲಿ ಒಂದು ಬಾಗಿಲನ್ನು ದಾಟಿ ಮೇಲೇರುತ್ತದೆ, ಮನಸ್ಸಿನ ಸ್ಥಿತಿ ಆ ಬಾಗಿಲನ್ನು ತೆರೆಯಲೂಬಹುದು, ಮುಚ್ಚಲೂಬಹುದು ಎಂಬುದನ್ನು ಚಿತ್ರ ಬರೆದು ಸೊಗಸಾಗಿ ವಿವರಿಸಿದರು. ಗಮನವನ್ನು ಬೇರೆಡೆ ಹರಿಸುವುದು, ಸಡಿಲಿಕೆಯ ಉಸಿರಾಟ, ಚಟುವಟಿಕೆಯನ್ನು ಹಂತಹಂತವಾಗಿ ಹೆಚ್ಚಿಸುವುದು ಇವನ್ನೂ ಕಲಿಸಿದರು. ಎಲ್ಲವೂ ಸರಿ. ಆದರೆ ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಅನೇಕ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಇದೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದೆಂಬುದು ಭಾರತೀಯ ಮಾನಕ. ಮಿತಿ ಮೀರಿದ ನೀರನ್ನು ಚಿಕ್ಕಂದಿನಿಂದ ಕುಡಿದವರ ಹಲ್ಲು ಕಂದು ಬಣ್ಣಕ್ಕೆ ತಿರುಗುತ್ತದೆ, ವರ್ಷಾನುಗಟ್ಟಲೆ ಕುಡಿದವರ ಕೀಲು ಮತ್ತು ಬೆನ್ನು ಬಿಗಿಯುತ್ತವೆ. ನೋವಿನ ಬಗ್ಗೆ ಕೋಲಾರದಲ್ಲಿ ಕೂತು ಪಾಠ ಹೇಳುವಾಗ ಫ್ಲೋರೋಸಿಸ್‌ನ ಹೆಸರೇ ಬರಲಿಲ್ಲವೆಂಬುದು ನನಗೆ ಒಪ್ಪಿಗೆಯಾಗಲಿಲ್ಲ. ಶುದ್ಧ ನೀರಿನ ಘಟಕ ಕೆಟ್ಟು ನಿಂತಿರುವ ಹಳ್ಳಿಯವನಿಗೆ ನೋವನ್ನು ಸಹಿಸುವ ವಿಧಾನ ಮಾತ್ರ ಕಲಿಸಿದರೆ ಕಾಯಿಲೆಯ ಮೂಲ ಹಾಗೆಯೇ ಉಳಿಯುತ್ತದೆ.

ಕೆಜಿಎಫ್‌ನ ವಿಷಯವೂ ಇಂಥದ್ದೇ. 2001ರಲ್ಲಿ ಚಿನ್ನದ ಗಣಿಗಳು ಮುಚ್ಚಿದವು. ನೆಲದಡಿಯಲ್ಲಿ ಕಲ್ಲಿನ ದೂಳು ಕುಡಿದು ದುಡಿದವರಲ್ಲಿ ಸಿಲಿಕೋಸಿಸ್ ಎಂಬ ಶ್ವಾಸಕೋಶದ ಕಾಯಿಲೆ ಬಂತು, ಸಿಲಿಕೋಸಿಸ್ ಇರುವವರಿಗೆ ಕ್ಷಯ ತಗಲುವ ಸಾಧ್ಯತೆ ಇತರರಿಗಿಂತ ಹೆಚ್ಚು. ಇಲ್ಲಿ ಕಾಯಿಲೆಯನ್ನು ತಂದದ್ದು ದೂಳು, ದುಡಿದವನ ನಂಬಿಕೆಯಲ್ಲ. ತರಗತಿಯಲ್ಲಿ ಕೆಜಿಎಫ್‌ನಿಂದ ಬಂದಿದ್ದ ವಿದ್ಯಾರ್ಥಿಗಳೂ ಇದ್ದರು, ಅವರ ಮನೆಗಳ ಅನುಭವವನ್ನು ಪಾಠದೊಳಕ್ಕೆ ತರುವ ಅವಕಾಶವನ್ನು ಬೋಧಕರು ಬಳಸಿಕೊಳ್ಳಲಿಲ್ಲ. ಇದಕ್ಕೆ ಬೇಕಾದ ಸಿದ್ಧಾಂತ ವಿಷಯದೊಳಗೇ ಇದೆ. ಲಂಡನ್ನಿನ ಸರ್ಕಾರಿ ನೌಕರರ ಬಗ್ಗೆ 1967ರಲ್ಲಿ ಆರಂಭವಾದ ವೈಟ್‌ಹಾಲ್ ಅಧ್ಯಯನದಲ್ಲಿ, ದರ್ಜೆ ಇಳಿದಂತೆಲ್ಲ ಹೃದ್ರೋಗದಿಂದ ಸಾಯುವವರ ಪ್ರಮಾಣ ಏರುತ್ತ ಹೋದದ್ದು ಕಂಡುಬಂತು. ಧೂಮಪಾನ, ರಕ್ತದೊತ್ತಡ, ಕೊಲೆಸ್ಟರಾಲ್‌ಗಳ ಲೆಕ್ಕ ಕಳೆದರೂ ಆ ಅಂತರದ ದೊಡ್ಡ ಭಾಗ ಹಾಗೆಯೇ ಉಳಿಯಿತು ಎಂದು ಮೈಕೆಲ್ ಮಾರ್ಮಟ್ ತೋರಿಸಿದರು. ನಮಗೆ ಕೊಟ್ಟ ಮುದ್ರಿತ ಟಿಪ್ಪಣಿಯಲ್ಲಿ ಈ ಅಧ್ಯಯನಕ್ಕೆ ಸಿಕ್ಕಿದ್ದು ಒಂದು ವಾಕ್ಯ. ಅದಕ್ಕೆ ಎರಡು ವಾರ ಕೊಟ್ಟು, ವ್ಯಕ್ತಿತ್ವದ ಬಗೆಗಳಿಗೆ ಮೀಸಲಾದ ಪಾಠಗಳನ್ನು ಕುಗ್ಗಿಸುವುದು ಒಳ್ಳೆಯದು.

ಮೌಲ್ಯಮಾಪನದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬಹು ಆಯ್ಕೆಯ ಪ್ರಶ್ನೆಗಳು ಇಸವಿ ಮತ್ತು ಹೆಸರುಗಳನ್ನಷ್ಟೇ ಪರೀಕ್ಷಿಸುತ್ತವೆ. ಕ್ಷೇತ್ರಕಾರ್ಯ ಮಾತ್ರ ಅಮೂಲ್ಯವಾದುದು. ದೀರ್ಘಕಾಲದ ಕಾಯಿಲೆಯಿರುವ ಒಬ್ಬರನ್ನು ಅವರ ಒಪ್ಪಿಗೆ ಪಡೆದು ಮಾತನಾಡಿಸಿ, ಕಾಯಿಲೆಯ ಬಗ್ಗೆ ಅವರದೇ ವಿವರಣೆಯನ್ನು ತಿದ್ದದೆ ಬರೆದು ತರಬೇಕು. ತಿದ್ದದೆ ಕೇಳಿಸಿಕೊಳ್ಳುವುದು ನಮ್ಮಂಥ ಆಸ್ಪತ್ರೆಯವರಿಗೆ ಎಷ್ಟು ಕಷ್ಟವೆಂಬುದು ಅಲ್ಲಿ ತಿಳಿಯುತ್ತದೆ. ಆದರೆ ವರದಿಗಳನ್ನು ಓದುವಾಗ ಕೆಲವರು ರೋಗಿಯ ಊರು, ಬೀದಿ, ಮನೆತನಗಳನ್ನೆಲ್ಲ ಹೇಳಿಬಿಟ್ಟರು, ಅವರನ್ನು ಯಾರೂ ತಡೆಯಲಿಲ್ಲ. ಎಲ್ಲರಿಗೂ ಎಲ್ಲರ ಗುರುತಿರುವ ಸಣ್ಣ ಜಿಲ್ಲೆಯಲ್ಲಿ ಇದು ಸಣ್ಣ ಲೋಪವಲ್ಲ. ಗೋಪ್ಯತೆಯ ಪಾಠವನ್ನು ಕ್ಷೇತ್ರಕಾರ್ಯಕ್ಕೆ ಮೊದಲೇ ಮಾಡಬೇಕೆಂದು ಕೇಂದ್ರದವರಿಗೆ ಬರೆದುಕೊಟ್ಟಿದ್ದೇನೆ, ಮುಂದಿನ ತಂಡಕ್ಕೆ ಹಾಗೆಯೇ ಮಾಡುವುದಾಗಿ ಅವರು ಒಪ್ಪಿದ್ದಾರೆ.

ನರ್ಸಿಂಗ್ ವಿದ್ಯಾರ್ಥಿಗಳಿಗೆ, ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರಿಗೆ, ಔಷಧ ಅಂಗಡಿಯವರಿಗೆ, ಮನೆಯಲ್ಲಿ ದೀರ್ಘಕಾಲದ ರೋಗಿಯಿರುವವರಿಗೆ ಇದನ್ನು ಧೈರ್ಯವಾಗಿ ಹೇಳಬಲ್ಲೆ. ಸ್ನಾತಕೋತ್ತರ ಪ್ರವೇಶ ಪರೀಕ್ಷೆಗೆ ಓದುತ್ತಿರುವವರಿಗೆ ಇಲ್ಲಿನ ಆಳ ಸಾಲದು. ಸೇರುವವರು ಶುಲ್ಕ ಕಟ್ಟುವ ಮೊದಲು ಆ ಬಾರಿಯ ಬೋಧಕರು ಯಾರು, ಕ್ಷೇತ್ರಕಾರ್ಯ ಇದೆಯೇ, ಟಿಪ್ಪಣಿಗಳು ಕನ್ನಡದಲ್ಲಿ ದೊರೆಯುತ್ತವೆಯೇ ಎಂದು ಕೇಳಿಕೊಳ್ಳಲಿ. ನಮ್ಮ ತಂಡಕ್ಕೆ ಕೊನೆಯ ಎರಡು ಪಾಠಗಳ ಟಿಪ್ಪಣಿ ಇಂಗ್ಲಿಷಿನಲ್ಲಿ ಮಾತ್ರ ಬಂದು, ಆಶಾ ಕಾರ್ಯಕರ್ತೆಯರು ಅದನ್ನು ಪದವಿ ವಿದ್ಯಾರ್ಥಿಗಳಿಂದ ಓದಿಸಿಕೊಳ್ಳಬೇಕಾಯಿತು.